ದೋಟಿ ನೆಲದಲ್ಲಿದೆ, ಸ್ವಾಮಿ

ನಮ್ಮೂರಿನ ಶಾಸನಸಭೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ದೋಟಿ ಹಿಡಿಯುವ ಕೆಲಸದಲ್ಲಿದ್ದೇನೆ. ಬೇರೆ ಊರಿನವರು ಇದನ್ನು ಓದುತ್ತಿದ್ದರೆ, ಶಾಸನಸಭೆಗೂ ಮಾವಿನಕಾಯಿ ಕೀಳುವ ದೋಟಿಗೂ ಎಲ್ಲಿಯ ಸಂಬಂಧ ಎಂದು ಹುಬ್ಬೇರಿಸಬಹುದು. ಸಂಬಂಧ ಇದೆ. ನಮ್ಮ ಸದನದ ಸೂರಿನ ಕೆಳಗೆ ಯಾರಿಗೇ ಸಿಟ್ಟು ಬರಲಿ, ಅವರ ಕಾಲು ನೆಲ ಬಿಡುತ್ತದೆ. ಸಣ್ಣ ಸಿಟ್ಟಿಗೆ ಗೇಣುದ್ದ, ದೊಡ್ಡ ಸಿಟ್ಟಿಗೆ ಆಳೆತ್ತರ, ಮೈ ನಡುಗುವ ಸಿಟ್ಟಿಗೆ ನೇರ ಸೂರು. ಹೊಸ್ತಿಲು ದಾಟಿ ಹೊರಗೆ ಬಂದು ಎಷ್ಟು ಬೇಕಾದರೂ ಕೂಗಾಡಿ, ಏನೂ ಆಗುವುದಿಲ್ಲ. ಸಂತೆಯಲ್ಲಿ, ನಲ್ಲಿಯ ಹತ್ತಿರ, ನಮ್ಮವರೂ ಎಲ್ಲ ಊರಿನವರ ಹಾಗೆ ನೆಲದ ಮೇಲೆ ನಿಂತೇ ಜಗಳವಾಡುತ್ತಾರೆ. ಸದನದ ಒಳಗೆ ಮಾತ್ರ ಹೀಗೆ. ತಾತಂದಿರ ಕಾಲದಿಂದ ಇರುವ ಸಂಗತಿಯಾದ್ದರಿಂದ ಯಾರೂ ಅದಕ್ಕೆ ತಲೆ ಕೆಡಿಸಿಕೊಂಡಿಲ್ಲ. ಸೂರಿನ ಒಳಮೈಗೆ ಹತ್ತಿಯ ಹಾಸಿಗೆ ಹೊಡೆಸಿ ಸುಮ್ಮನಾಗಿದ್ದಾರೆ.

ದೋಟಿ ಅಂದರೆ ಹದಿನೆಂಟು ಅಡಿಯ ಗಟ್ಟಿ ಬಿದಿರು, ತುದಿಯಲ್ಲಿ ಬಟ್ಟೆ ಸುತ್ತಿದ ಕೊಕ್ಕೆ. ಮೇಲೆ ಹೋದವರ ಸಿಟ್ಟು ಇಳಿಯುತ್ತ ಬಂದಾಗ ಅವರ ಸೊಂಟದ ಪಟ್ಟಿಗೆ ಕೊಕ್ಕೆ ಹಾಕಿ ಮೆಲ್ಲಗೆ ಕೆಳಗೆ ತರುವುದು ನನ್ನ ಕೆಲಸ. ಅವಸರ ಮಾಡಬಾರದು. ಸಿಟ್ಟು ಕುದಿಯುತ್ತಿರುವಾಗಲೇ ಎಳೆದರೆ ಕೈ ಬಿಟ್ಟ ಕೂಡಲೇ ಮತ್ತೆ ಮೇಲಕ್ಕೆ ಚಿಮ್ಮುತ್ತಾರೆ. ಮಾನ ಉಳಿಸಿಕೊಳ್ಳಲು ಗಂಡಸರು ಕಚ್ಚೆ ಪಂಚೆ ಉಟ್ಟು ಬರುತ್ತಾರೆ, ಹೆಂಗಸರೂ ಕಚ್ಚೆ ಸೀರೆಯನ್ನೇ ಉಡುತ್ತಾರೆ. ಇಡೀ ಸದನದಲ್ಲಿ ಜರಿಯಂಚಿನ ಪಂಚೆಯನ್ನು ಸಡಿಲವಾಗಿ ಸುತ್ತಿಕೊಂಡು, ಗಾಳಿಗೆ ಅದರ ಚುಂಗು ಹಾರಾಡಿಸಿಕೊಂಡು ಬರುತ್ತಿದ್ದವರು ಒಬ್ಬರೇ, ನಂಜರಾಜಯ್ಯನವರು. ಅವರು ಒಂಬತ್ತು ವರ್ಷದಲ್ಲಿ ಒಂದು ಸಲವೂ ನೆಲ ಬಿಟ್ಟವರಲ್ಲ. ಆ ಸಡಿಲ ಪಂಚೆ ಒಂಥರಾ ಅವರ ಬಿರುದು.

ನನ್ನನ್ನು ಈ ಕೆಲಸಕ್ಕೆ ಆರಿಸಿಕೊಂಡದ್ದೂ ಹೇಳಿಬಿಡುತ್ತೇನೆ. ದೋಟಿ ಹಿಡಿಯುವವನೇ ಮೇಲೆ ಹೋದರೆ ಉಳಿದವರನ್ನು ಇಳಿಸುವವರು ಯಾರು? ಅದಕ್ಕೇ ಉಮೇದುವಾರರನ್ನು ಸದನದ ನಡುವೆ ನಿಲ್ಲಿಸಿ, ಸಂತೆಯಲ್ಲಿ ಸೊಪ್ಪು ಮಾರುವ ಮೂವರು ಹೆಂಗಸರನ್ನು ಕರೆಸಿ ಅರ್ಧ ಗಂಟೆ ಬೈಸುತ್ತಾರೆ. ನನಗಿಂತ ಮುಂಚೆ ನಿಂತ ಹನ್ನೊಂದು ಜನ ಸೂರಿಗೆ ಅಂಟಿಕೊಂಡರು. ನನ್ನ ಅಪ್ಪ, ಅಜ್ಜ, ಮೂಗು, ನಡಿಗೆ ಎಲ್ಲವನ್ನೂ ಆ ತಾಯಂದಿರು ಜಾಲಾಡಿದರು. ನಾನು ಕೋಳಿಗೂಡಿನ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತ ನಿಂತಿದ್ದೆ. ನನ್ನ ಹಿಮ್ಮಡಿ ಒಂದು ಕೂದಲೆಳೆಯಷ್ಟೂ ಏಳಲಿಲ್ಲ. ಊರೆಲ್ಲ ನನ್ನನ್ನು ಶಾಂತಮೂರ್ತಿ ಎಂದು ಹೊಗಳಿತು. ನನ್ನ ಹೆಂಡತಿ ಕೆಂಪಮ್ಮ ಮಾತ್ರ, "ಶಾಂತವೂ ಇಲ್ಲ, ಮಣ್ಣೂ ಇಲ್ಲ. ಇವ್ರು ಉಪ್ಪು ಖಾರ ಹಾಕದ ಸಾರು. ಇವ್ರ ಪಾಲಿನ ಸಿಟ್ಟನ್ನೂ ನಾನೇ ಮಾಡ್ಕೊಂಡ್ ಬರಬೇಕು" ಎಂದಳು. ಅವಳಿಗೆ ಆ ಕೆಲಸದಲ್ಲಿ ಬೇಸರವಿದ್ದಂತೆ ನನಗೆ ಕಾಣಲಿಲ್ಲ.

ಸದನದ ಶಿಸ್ತಿಗೆ ನಿಯಮದ ಪುಸ್ತಕವೊಂದಿದೆ, ನೂರಹನ್ನೆರಡು ನಿಯಮ. ಬೂಟಿನಲ್ಲಿ ಸೀಸ ತುಂಬಿಕೊಂಡು ಬರಬಾರದು, ಸೊಂಟಕ್ಕೆ ಗುಂಡುಕಲ್ಲು ಕಟ್ಟಿಕೊಳ್ಳಬಾರದು, ಪಕ್ಕದವರ ಕಾಲು ಹಿಡಿದು ಕೂರಬಾರದು ಎಂದೆಲ್ಲ ಇದೆ. ಈ ಕಥೆಗೆ ಮುಖ್ಯವಾಗಿ ಬೇಕಾದವು ನಾಲ್ಕು. ಒಂದು, ಎರಡೂ ಪಾದ ನೆಲ ಮುಟ್ಟಿರದ ಸದಸ್ಯರ ಮತ ಲೆಕ್ಕಕ್ಕಿಲ್ಲ. ಇನ್ನೊಂದು, ಮತ ಸಮ ಬಿದ್ದರೆ ನಿರ್ಣಯ ತಂದವರದೇ ಗೆಲುವು. ಮತ್ತೊಂದು, ತಂದ ನಿರ್ಣಯ ಅದಕ್ಕೆ ಗೊತ್ತು ಮಾಡಿದ ದಿನ ಐದು ಗಂಟೆಯೊಳಗೆ ಮತಕ್ಕೆ ಬರದಿದ್ದರೆ ಒಂದು ವರ್ಷದ ಮಟ್ಟಿಗೆ ಸತ್ತ ಹಾಗೆ. ಕೊನೆಯದು ನನಗೆ ಸೇರಿದ್ದು. ಮತಕ್ಕೆ ಮುಂಚೆ ಸಭಾಪತಿಗಳು, "ದೋಟಿ ನೆಲದಲ್ಲಿದೆಯೇ?" ಎಂದು ಕೇಳಬೇಕು. ನಾನು ದೋಟಿಯ ಬುಡವನ್ನು ಮೂರು ಸಲ ನೆಲಕ್ಕೆ ಕುಟ್ಟಿ, "ದೋಟಿ ನೆಲದಲ್ಲಿದೆ, ಸ್ವಾಮಿ" ಎನ್ನಬೇಕು. ಅದಾದ ಮೇಲೆ ಎಣಿಕೆ ಮುಗಿಯುವ ತನಕ ಯಾರನ್ನೂ ಇಳಿಸುವ ಹಾಗಿಲ್ಲ. ಕುಟ್ಟದೆ ಮತ ಇಲ್ಲ.

ಸದಸ್ಯರು ಹದಿಮೂರು ಜನ. ನಂಜರಾಜಯ್ಯನವರ ಕಡೆ ಆರು, ಎದುರು ಕಡೆ ಏಳು. ಏಳು ಆರಕ್ಕಿಂತ ದೊಡ್ಡದು ಎಂದು ಮಕ್ಕಳಿಗೂ ಗೊತ್ತು. ಆದರೂ ಒಂಬತ್ತು ವರ್ಷದಿಂದ ಆರು ಜನರೇ ಊರನ್ನು ಆಳುತ್ತಿದ್ದರು. ಮತದ ಹೊತ್ತಿಗೆ ಸರಿಯಾಗಿ ನಂಜರಾಜಯ್ಯನವರು ಎದ್ದು ನಿಂತು, ಬಾಳೆಹಣ್ಣಿನಲ್ಲಿ ಸೂಜಿ ಚುಚ್ಚಿದ ಹಾಗೆ ಎರಡು ಮಾತಾಡುತ್ತಿದ್ದರು. ಎದುರು ಕಡೆಯ ಇಬ್ಬರೋ ಮೂವರೋ ಹಕ್ಕಿಯ ಹಾಗೆ ಏಳುತ್ತಿದ್ದರು. ನಾನು ಮೂರು ಸಲ ಕುಟ್ಟುತ್ತಿದ್ದೆ. ನಿರ್ಣಯ ಪಾಸಾಗುತ್ತಿತ್ತು.

ಎಲ್ಲರಿಗಿಂತ ಬೇಗ ಏಳುತ್ತಿದ್ದವರು ಸಣ್ಣತಾಯಮ್ಮ. ಸದನದ ಗೋಡೆಗೆ ಅಂಟಿಕೊಂಡೇ ಊರಿನ ಹೆರಿಗೆ ಮನೆ ಇದೆ. ಸಣ್ಣತಾಯಮ್ಮ ಅಲ್ಲಿಯ ಸೂಲಗಿತ್ತಿ. ನನ್ನ ಮೂರು ಮಕ್ಕಳನ್ನೂ ಕೈಯೊಡ್ಡಿ ಹಿಡಿದುಕೊಂಡವರು ಅವರೇ. ಎಂಥ ಗಟ್ಟಿ ಹೆಂಗಸೆಂದರೆ, ಎರಡು ರಾತ್ರಿ ಎರಡು ಹಗಲು ನಿದ್ದೆಗೆಟ್ಟು ಹೆರಿಗೆ ಮಾಡಿಸಿ ಬಂದರೂ ಸದನದಲ್ಲಿ ಯಾರಾದರೂ ಬಾಣಂತಿಯರ ಎಣ್ಣೆ, ಬಿಸಿನೀರಿನ ವಿಷಯಕ್ಕೆ ಮೂಗು ಮುರಿದರೆ ಸಾಕು, ಸರ್ರನೆ ಸೂರಿಗೆ. ಸೂರಿನ ಹಾಸಿಗೆಯಲ್ಲಿ ಅವರ ಬೆನ್ನಿನ ಗುರುತು ಬಿದ್ದಿತ್ತು. ನಾವಿಬ್ಬರೂ ಒಂಥರಾ ಗೆಳೆಯರಾಗಿದ್ದೆವು. ವಾರಕ್ಕೆ ನಾಲ್ಕು ಸಲ ಒಬ್ಬರ ಸೊಂಟಕ್ಕೆ ಕೊಕ್ಕೆ ಹಾಕಿದ ಮೇಲೆ ಗೆಳೆತನವಾಗದೆ ಇರುತ್ತದೆಯೇ?

ಆ ವರ್ಷ ನಂಜರಾಜಯ್ಯನವರು ತಂದ ನಿರ್ಣಯದ ಹೆಸರು ಬಹಳ ಚೆನ್ನಾಗಿತ್ತು: ಸದನದ ಶಿಸ್ತು ಮತ್ತು ಗಾಂಭೀರ್ಯ ಕಾಪಾಡುವ ನಿರ್ಣಯ. ಸಾರಾಂಶ ಇಷ್ಟೇ. ಪಕ್ಕದ ಹೆರಿಗೆ ಮನೆಯಿಂದ ಹೆಂಗಸರು ಕೂಗುವುದು ಗೋಡೆ ದಾಟಿ ಬಂದು ಸದನದ ಮರ್ಯಾದೆ ಕೆಡಿಸುತ್ತದೆ. ಆದ್ದರಿಂದ ಹೆರಿಗೆ ಮನೆ ಮುಚ್ಚಿ, ಅಲ್ಲಿ ಸದಸ್ಯರಿಗೆ ವಿಶ್ರಾಂತಿ ಕೋಣೆ ಮಾಡತಕ್ಕದ್ದು. ಹೆರುವವರು ಹೊಳೆಯಾಚೆಯ ಊರಿಗೆ ಹೋಗತಕ್ಕದ್ದು. ಕೂಗು ಕೇಳುತ್ತಿದ್ದುದು ಸುಳ್ಳಲ್ಲ. ಒಮ್ಮೆ ನೀರಿನ ಕಂದಾಯದ ಮತದ ವೇಳೆ ಗೋಡೆಯಾಚೆಯಿಂದ "ಬೇಡವೋ ದೇವರೇ!" ಎಂದು ಕೇಳಿಸಿ, ಸಭಾಪತಿ ಭೀಮಸೇನಾಚಾರ್ ಮೇಷ್ಟ್ರು ಅದನ್ನೂ ಒಂದು ಮತವೆಂದು ಬರೆದುಕೊಂಡು ಆಮೇಲೆ ಹೊಡೆದುಹಾಕಿದ್ದರು. ಹೆಸರಿಗೆ ಭೀಮಸೇನ, ಆಳು ಹುಲ್ಲುಕಡ್ಡಿ. ಪುಸ್ತಕದಲ್ಲಿರುವುದನ್ನು ಬಿಟ್ಟು ಬೇರೆ ಜಗತ್ತು ಅವರಿಗಿರಲಿಲ್ಲ. ಆದರೆ ಅನ್ಯಾಯ ಮಾಡುವವರಲ್ಲ.

ಹೊಳೆಯಾಚೆಯ ಊರಿಗೆ ಹರಿಗೋಲಿನಲ್ಲಿ ಎರಡು ತಾಸು. ನನ್ನ ಮಗಳು ದೇವೀರಿಗೆ ಆಗ ಒಂಬತ್ತು ತಿಂಗಳು ತುಂಬಿತ್ತು. ಚೊಚ್ಚಲು ಎಂದು ತವರಿಗೆ ಬಂದು, ಜಗಲಿಯ ಮೇಲೆ ಕಾಲು ಚಾಚಿಕೊಂಡು ಹುಣಸೆಹಣ್ಣು ಚೀಪುತ್ತ ಕೂತಿದ್ದಳು. ಹೋದ ವರ್ಷ ಸುಣ್ಣ ಬಳಿಯುವ ನೆಪದಲ್ಲಿ ಹೆರಿಗೆ ಮನೆಯನ್ನು ಒಂದು ತಿಂಗಳು ಮುಚ್ಚಿಸಿದ್ದಾಗ, ಬಳೆ ಅಂಗಡಿಯ ಗೌರಿ ಹರಿಗೋಲಿನಲ್ಲೇ ಹೆತ್ತು, ದಡ ಸೇರುವ ಮೊದಲೇ ಹೋಗಿಬಿಟ್ಟಿದ್ದಳು. ಕೂಸೂ ಉಳಿದಿರಲಿಲ್ಲ. ಆ ಹುಡುಗಿ ದೇವೀರಿಯ ಜೊತೆಯವಳು. ನಿರ್ಣಯದ ಸುದ್ದಿ ಕೇಳಿದ ದಿನದಿಂದ ನನ್ನ ಮಗಳು ಹುಣಸೆಹಣ್ಣು ತಿನ್ನುವುದನ್ನು ನಿಲ್ಲಿಸಿದಳು.

ಮತಕ್ಕೆ ಒಂದು ವಾರ ಇರುವಾಗ ಸಣ್ಣತಾಯಮ್ಮ ನಮ್ಮ ಮನೆಗೆ ಬಂದರು. "ಮುದ್ದೀರಣ್ಣ, ನಮ್ಮ ಆರು ಜನಕ್ಕೂ ಆಣೆ ಭಾಷೆ ಹಾಕ್ಸಿದ್ದೀನಿ. ಅವ್ರು ತಡ್ಕೋತಾರೆ. ನಂದೇ ಕಷ್ಟ. ನಾನು ಎದ್ರೆ ಆರಕ್ಕೆ ಆರು, ಗೆಲುವು ಅವ್ರದು. ನೀನು ಅದ್ ಹೆಂಗ್ ಸಿಟ್ಟೇ ಮಾಡ್ಕೊಳಲ್ಲ, ನಂಗೂ ಹೇಳ್ಕೊಡು" ಎಂದರು. ನನ್ನ ಜೀವನದಲ್ಲಿ ಯಾರೂ ನನ್ನಿಂದ ಏನನ್ನೂ ಕಲಿಯಲು ಬಂದಿರಲಿಲ್ಲ. ಹಿಗ್ಗಿಹೋದೆ. ಕೋಳಿಗೂಡನ್ನು ನೆನೆಯಬೇಕು, ಕಿಟಕಿಯ ಸರಳು ಎಣಿಸಬೇಕು, ಬೈಯುವವರ ಬಾಯಿ ನೋಡಬಾರದು ಕಿವಿ ನೋಡಬೇಕು ಎಂದು ನನಗೆ ತಿಳಿದದ್ದನ್ನೆಲ್ಲ ಹೇಳಿದೆ.

ಮಧ್ಯಾಹ್ನ ಸದನ ಖಾಲಿಯಿದ್ದಾಗ ಅಭ್ಯಾಸ ಶುರುವಾಯಿತು. ಬೈಯುವ ಕೆಲಸಕ್ಕೆ ಕೆಂಪಮ್ಮನನ್ನು ಕರೆದುಕೊಂಡು ಹೋಗಿದ್ದೆ. ಬೈಗುಳದಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ಎರಡು ಮಾತು ಬೈಯುವಷ್ಟರಲ್ಲಿ ಅವಳಿಗೆ ನಿಜವಾಗಿಯೇ ಸಿಟ್ಟು ಬಂದು ತಾನೇ ಮೇಲೆ ಹೋದಳು. ಅಲ್ಲಿಂದ, "ನೋಡ್ತಾ ನಿಂತಿದ್ದೀರಲ್ಲ, ಇಳ್ಸಿ! ನಿಮ್ ತಂಗಿ ಮದ್ವೇಲಿ ನನ್ನ ಅಡುಗೆ ಮನೇಲೇ ಕೂರ್ಸಿದ್ರಿ, ಅದನ್ನೂ ನಾನು ಮರ್ತಿಲ್ಲ" ಎಂದು ಹಳೆಯದೆಲ್ಲ ತೆಗೆದಳು. ಅವಳು ಇಳಿಯಲು ಮುಕ್ಕಾಲು ಗಂಟೆ ಬೇಕಾಯಿತು. ಸಣ್ಣತಾಯಮ್ಮ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆದರೂ ಆರು ದಿನ ಬಿಡದೆ ಮಾಡಿದ್ದರಿಂದ ಅವರು ಒಂದು ಹದಕ್ಕೆ ಬಂದರು. ಅವರ ವೃತ್ತಿಗೆ ಬೈದರೂ, ಗಂಡನಿಗೆ ಬೈದರೂ, ನೆಲದಿಂದ ಒಂದು ಬೆರಳಿನಷ್ಟು ಎದ್ದು ಮತ್ತೆ ಕೂರುತ್ತಿದ್ದರು.

ಮತದ ದಿನ ಮೂರು ಗಂಟೆಗೆ ಸದನ ಸೇರಿತು. ಸಣ್ಣತಾಯಮ್ಮನ ಕಡೆಯವರು ಹೊಟ್ಟೆ ಬಿರಿಯುವಂತೆ ಮುದ್ದೆ ಉಂಡು ಬಂದಿದ್ದರು, ಭಾರವಾಗಿದ್ದರೆ ಏಳುವುದು ತಡವಾದೀತು ಎಂಬ ಆಸೆಯಿಂದ. ನಂಜರಾಜಯ್ಯನವರು ಎದ್ದು ಪಂಚೆಯ ಚುಂಗು ಕೊಡವಿ ಶುರುಮಾಡಿದರು. ಮೊದಲು ಸೂಲಗಿತ್ತಿಯರಿಗೆ ಸದನದಲ್ಲಿ ಏನು ಕೆಲಸ ಎಂದರು. ಸಣ್ಣತಾಯಮ್ಮ ಕಿಟಕಿಯ ಸರಳು ಎಣಿಸಿದರು. ಆ ಕೈ ತೊಳೆದುಕೊಂಡು ಬಂದಿದ್ದಾರೋ ಇಲ್ಲವೋ ಎಂದರು. ಸಣ್ಣತಾಯಮ್ಮ ಅವರ ಕಿವಿ ನೋಡಿದರು. ಗಂಡ ಬಿಟ್ಟುಹೋದ ಕಾರಣ ಊರಿಗೇ ಗೊತ್ತು ಎಂದರು. ಹಿಮ್ಮಡಿ ಒಂದು ಬೆರಳು ಎದ್ದು ಕೂತಿತು. ನನ್ನ ಶಿಷ್ಯೆಯನ್ನು ನೋಡಿ ನನಗೆ ಹೆಮ್ಮೆಯಾಯಿತು.

ಗಂಟೆ ನಾಲ್ಕೂ ಕಾಲು. ನಂಜರಾಜಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ದನಿ ಇನ್ನೂ ಮೆತ್ತಗಾಯಿತು. "ಸಭಾಪತಿಗಳೇ, ನಮ್ಮಜ್ಜಿ ಕಳೆ ಕೀಳೋವಾಗ ಗದ್ದೆ ಬದೂನಲ್ಲೇ ಹೆತ್ತು, ಮಗೂನ ಮಡ್ಲಿಗೆ ಹಾಕ್ಕೊಂಡು ಮನೆಗೆ ಬಂದೋರು. ಈಗಿನೋರಿಗೆ ಮೆತ್ತನೆ ಹಾಸಿಗೆ ಬೇಕು. ಹೋದ ವರ್ಷ ಹರಿಗೋಲಿನಲ್ಲಿ ಒಬ್ಬಳು ಹೋದಳು ಅಂತಾರೆ. ಬಳೆ ಅಂಗಡಿ ಹುಡುಗಿ. ಗಟ್ಟಿಗಿತ್ತಿ ಆಗಿದ್ರೆ ಬದುಕ್ತಿದ್ದಳು. ಸಾಯೋಕೇ ಹುಟ್ಟಿದೋಳನ್ನ ಯಾವ ಹೆರಿಗೆ ಮನೆ ಉಳ್ಸುತ್ತೆ ಹೇಳಿ?"

ಸಣ್ಣತಾಯಮ್ಮ ಸರಳು ಎಣಿಸಲಿಲ್ಲ. ಗೌರಿ ಹುಟ್ಟಿದಾಗಲೂ ಅವಳನ್ನು ಹಿಡಿದುಕೊಂಡದ್ದು ಅವರ ಕೈಯೇ. "ಥೂ ನಿನ್ನ ಜನ್ಮಕ್ಕೆ!" ಎಂದು ಒಂದೇ ಕೂಗು. ಬೆಂಚಿನಿಂದ ಎದ್ದವರು ನಿಲ್ಲಲೇ ಇಲ್ಲ. ಸೂರಿಗೆ ಬಡಿದ ಸದ್ದಿಗೆ ಹಾಸಿಗೆಯಿಂದ ಧೂಳು ಉದುರಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಅವರು ಮೇಲಿನಿಂದ ನನ್ನ ಕಡೆ ನೋಡಿದಾಗ, ಏನು ಕಳೆದುಕೊಂಡೆ ಎಂದು ಅವರಿಗೆ ಗೊತ್ತಾಗಿತ್ತು. ಕಣ್ಣಲ್ಲಿ ನೀರಿತ್ತು. ಆದರೆ ಸಿಟ್ಟು ಇಳಿಯುತ್ತಿರಲಿಲ್ಲ.

ಸಭಾಪತಿಗಳು ಗಂಟೆ ಬಾರಿಸಿದರು. "ದೋಟಿ ನೆಲದಲ್ಲಿದೆಯೇ?"

ನಾನು ಕುಟ್ಟಲಿಲ್ಲ. ಕುಟ್ಟಿದರೆ ಮತ, ಮತವಾದರೆ ಹೆರಿಗೆ ಮನೆಗೆ ಬೀಗ, ಬೀಗ ಬಿದ್ದರೆ ದೇವೀರಿ ಹರಿಗೋಲಿನಲ್ಲಿ. ಸುಮ್ಮನೆ ನಿಂತೇ ಇರೋಣವೆಂದರೆ, ಕುಟ್ಟದೆ ನಿಂತವನ ಕೈಯಿಂದ ದೋಟಿ ಕಿತ್ತು ಇನ್ನೊಬ್ಬರಿಗೆ ಕೊಡಬೇಕೆಂದು ಪುಸ್ತಕದಲ್ಲಿದೆ. ದೋಟಿಯ ಸಮೇತ ಮೇಲೆ ಹೋದವನನ್ನು ಏನು ಮಾಡಬೇಕು ಎಂಬುದು ಮಾತ್ರ ಎಲ್ಲೂ ಇಲ್ಲ, ಯಾಕೆಂದರೆ ಅಂಥವನನ್ನು ಈ ಕೆಲಸಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಅಂದರೆ ನನಗೆ ಸಿಟ್ಟು ಬರಬೇಕು. ಈಗ, ಈ ಕ್ಷಣ, ಅದೂ ಜೋರಾಗಿ.

ಓದುವವರೇ, ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟದ ಕೆಲಸವೆಂದು ನನಗೆ ಅವತ್ತೇ ತಿಳಿದದ್ದು. ಅಣ್ಣ ಪಾಲಿನಲ್ಲಿ ನೀರಿರುವ ಹೊಲ ತಾನಿಟ್ಟುಕೊಂಡು ಕಲ್ಲಿನ ಹೊಲ ನನಗೆ ತಳ್ಳಿದ್ದನ್ನು ನೆನೆದೆ. ಆದರೆ ಅಲ್ಲಿ ಹುಣಸೆ ಚೆನ್ನಾಗಿ ಬಂದಿತ್ತಲ್ಲ ಎಂದುಕೊಂಡೆ. ಮಾವ ಒಕ್ಕಣ್ಣಿನ ಹಸು ಕೊಟ್ಟು ಮೋಸ ಮಾಡಿದ್ದನ್ನು ನೆನೆದೆ. ಪಾಪ, ಎರಡು ಸೇರು ಹಾಲು ಕೊಡುತ್ತಿತ್ತು. ಮೂಗು ಅರಳಿಸಿದೆ, ಹಲ್ಲು ಕಡಿದೆ, ಕಣ್ಣು ಕೆಂಪಗೆ ಮಾಡಲು ನೋಡಿದೆ. ಪಕ್ಕದ ಸದಸ್ಯರೊಬ್ಬರು ಹೊಟ್ಟೆ ನೋವೇ ಎಂದು ಪಿಸುಗುಟ್ಟಿದರು. ಗೌರಿಯನ್ನು ನೆನೆದೆ. ಅಳು ಬಂತು. ಅಳು ಬಂದರೆ ಮನುಷ್ಯ ಇನ್ನಷ್ಟು ಭಾರವಾಗುತ್ತಾನೆ. ನನ್ನ ಕಾಲು ನೆಲದಲ್ಲಿ ಊರಿಕೊಂಡಂತೆ ನಿಂತಿತ್ತು. ಇಪ್ಪತ್ತೆರಡು ವರ್ಷ ನಾನು ಹೆಮ್ಮೆಪಟ್ಟುಕೊಂಡ ಕಾಲು ಅದು. ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಏ ದೋಟಿ, ಏನ್ ಕನಸು ಕಾಣ್ತಿದ್ದೀಯ? ಕುಟ್ಟು" ಎಂದರು ನಂಜರಾಜಯ್ಯ. ಬೇಸರವಿಲ್ಲದ, ಎಂದಿನ ಮೆತ್ತಗಿನ ದನಿ.

ಯಾಕೆ ಹಾಗೆ ಹೇಳಿದೆನೋ, "ನಂಗೊಂದು ಹೆಸರಿದೆ, ಸ್ವಾಮಿ" ಎಂದೆ.

ಅವರು ನಿಜವಾದ ಆಶ್ಚರ್ಯದಿಂದ ನನ್ನನ್ನು ನೋಡಿದರು. ಆಮೇಲೆ ತಮ್ಮ ಕಡೆಯವರತ್ತ ತಿರುಗಿ, "ಕೇಳಿದ್ರೇನ್ರೀ? ದೋಟಿಗೆ ಹೆಸರು ಬೇರೆ!" ಎಂದು ನಕ್ಕರು. ಐದೂ ಜನ ನಕ್ಕರು.

ಒಂಬತ್ತು ವರ್ಷ ಈ ಮನುಷ್ಯನ ಎದುರು ನಿಂತಿದ್ದೇನೆ. ಇವರ ಅತ್ತೆ ತೀರಿಕೊಂಡಾಗ ಹೆಗಲು ಕೊಟ್ಟಿದ್ದೇನೆ. ಹೆಸರಿಲ್ಲವಂತೆ. ಆ ಒಂದು ಎಳೆ ಹಿಡಿದುಕೊಂಡು ಉಳಿದದ್ದೆಲ್ಲ ಬಂತು. ಅಣ್ಣನ ನೀರಿನ ಹೊಲ ಬಂತು, ಮಾವನ ಒಕ್ಕಣ್ಣಿನ ಹಸು ಬಂತು, ಸೊಪ್ಪಿನವರು ನನ್ನ ಅಪ್ಪನಿಗೆ ಬೈದದ್ದು ಇಪ್ಪತ್ತೆರಡು ವರ್ಷದ ಮೇಲೆ ಆಗ ಬಂದು ಮುಟ್ಟಿತು, ಎಲ್ಲಕ್ಕಿಂತ ಕೊನೆಗೆ ಗೌರಿ ಬಂದಳು. ಕೆಳಗೆ ನೋಡಿದರೆ ಸಭಾಪತಿಗಳ ಬೋಳುತಲೆ ಕಾಣುತ್ತಿತ್ತು. ಆ ತಲೆಯನ್ನು ಮೇಲಿನಿಂದ ನಾನು ಎಂದೂ ನೋಡಿರಲಿಲ್ಲ. ದೋಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ. ಬೆನ್ನು ಹಾಸಿಗೆಗೆ ತಾಗಿತು.

"ಬಂದ್ಯಾ ಮುದ್ದೀರಣ್ಣ?" ಎಂದು ಪಕ್ಕದಲ್ಲಿ ಸಣ್ಣತಾಯಮ್ಮ ಪಿಸುದನಿಯಲ್ಲಿ ಅಂದರು. ನಾನು ದೋಟಿಯನ್ನು ಎದೆಗೆ ಅವುಚಿಕೊಂಡೆ. "ಹೆದರ್ಕೋಬೇಡ. ಹುಟ್ಟಿದ್ ಮಗು ಅಳ್ದೆ ಸುಮ್ನಿದ್ರೆ ನಾವು ಬೆನ್ನಿಗೆ ಎರಡು ತಟ್ತೀವಿ. ನಿಂಗೆ ಆ ಮಹರಾಯ ತಟ್ಟಿದ, ಅಷ್ಟೇ. ಉಸಿರಾಡು."

ಕೆಳಗೆ ಗದ್ದಲವೋ ಗದ್ದಲ. ಸಭಾಪತಿಗಳು ಪುಸ್ತಕವನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಿರುವಿ, "ದೋಟಿ ನೆಲದಲ್ಲಿಲ್ಲ. ಮತ ಆಗೋದಿಲ್ಲ" ಎಂದರು. ಇನ್ನೊಂದು ದೋಟಿ ತರಿಸಿ ಎಂದರು ನಂಜರಾಜಯ್ಯ. "ಹನ್ನೊಂದನೇ ನಿಯಮ. ಸದನಕ್ಕೆ ದೋಟಿ ಒಂದೇ." ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ನಂಜರಾಜಯ್ಯನವರು ಕತ್ತು ಹಿಂದಕ್ಕೆ ಹಾಕಿ, ಸಕ್ಕರೆ ಸುರಿಯುವ ದನಿಯಲ್ಲಿ, "ಇಳಿಯಪ್ಪ, ಏನೋ ತಮಾಷೆಗೆ ಅಂದೆ" ಎಂದರು.

"ಹೆಸರು ಹಿಡಿದು ಕರೀರಿ, ಸ್ವಾಮಿ. ಕರೆದ್ರೆ ಸಿಟ್ಟು ಇಳಿದ್ರೂ ಇಳೀಬಹುದು."

"ಮಾದಪ್ಪ?" ಎಂದರು. ನಾನು ಅಲುಗಲಿಲ್ಲ. "ಸಿದ್ದ? ಕಾಳಪ್ಪ? ನಿಂಗ?" ತಮ್ಮ ಕಡೆಯವರನ್ನು ಕೇಳಿದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದುರು ಕಡೆಯ ಆರು ಜನಕ್ಕೆ ಗೊತ್ತಿತ್ತು. ಅವರು ಮುದ್ದೆ ಉಂಡ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಿಟಕಿಯ ಸರಳು ಎಣಿಸತೊಡಗಿದರು. ಸಭಾಪತಿಗಳು ಹಾಜರಿ ಪುಸ್ತಕ ತರಿಸಿದರು. ಇಪ್ಪತ್ತೆರಡು ವರ್ಷದ ಹಾಜರಿ. ಪುಟದ ಮೇಲೆ ಪುಟ ತಿರುವಿದರು. ಎಲ್ಲ ಪುಟದಲ್ಲೂ ಒಂದೇ: ದೋಟಿ, ಹಾಜರು. ದೋಟಿ, ಹಾಜರು. ದೋಟಿ, ಹಾಜರು. ಮೇಷ್ಟ್ರು ಪುಸ್ತಕ ಮುಚ್ಚಿ ಕನ್ನಡಕ ತೆಗೆದಿಟ್ಟರು. ಅವರ ಮುಖ ಸಣ್ಣದಾಗಿತ್ತು.

ಗಡಿಯಾರ ಐದು ಹೊಡೆಯಿತು. "ನಿರ್ಣಯ ಒಂದು ವರ್ಷದ ಮಟ್ಟಿಗೆ ಬಿದ್ದುಹೋಯಿತು" ಎಂದರು ಸಭಾಪತಿಗಳು.

ಆಗ ನಂಜರಾಜಯ್ಯನವರಿಗೆ ಸಿಟ್ಟು ಬಂತು. ಅಭ್ಯಾಸವಿದ್ದವರು ಮೇಲೆ ಹೋಗುವಾಗ ಕಾಲು ಕೂಡಿಸಿಕೊಂಡು, ಕೈ ಚಾಚಿಕೊಂಡು, ಒಂದು ಲಕ್ಷಣದಲ್ಲಿ ಹೋಗುತ್ತಾರೆ. ಇವರಿಗೆ ಅದೆಲ್ಲಿ ಗೊತ್ತು? ಅರ್ಧ ದಾರಿಯಲ್ಲಿ ಲಾಗ ಹೊಡೆದು, ತಲೆ ಕೆಳಗೆ ಕಾಲು ಮೇಲೆ ಆದರು. ಒಂಬತ್ತು ವರ್ಷದ ಜರಿಯಂಚಿನ ಪಂಚೆ ಬಿಚ್ಚಿಕೊಂಡು, ನಿಧಾನವಾಗಿ ಇಳಿದು ಸಭಾಪತಿಗಳ ಮೇಜನ್ನು ಮುಚ್ಚಿತು. ಒಳಗಿದ್ದುದು ಕೆಂಪು ಹಳದಿ ಪಟ್ಟೆಯ ಚಡ್ಡಿ ಎಂಬುದು ಅವತ್ತು ಊರಿಗೆಲ್ಲ ಗೊತ್ತಾಯಿತು. "ಇಳ್ಸೋ! ಇಳ್ಸೋ ನನ್ನ!" ಎಂದು ಅವರು ಕೂಗಿದರು. ದೋಟಿ ನನ್ನ ಕೈಯಲ್ಲೇ ಇತ್ತು. ಆದರೆ ಅವಸರ ಮಾಡಬಾರದು ಎಂಬುದು ನನ್ನ ಕೆಲಸದ ಮೊದಲ ಪಾಠ. "ಮುದ್ದೀರಯ್ಯ ಅಂತ ಕಣಪ್ಪ ಅವ್ನ ಹೆಸ್ರು. ಈಗ್ಲಾದ್ರೂ ಕಲ್ತ್ಕೋ" ಎಂದು ಸಣ್ಣತಾಯಮ್ಮ ಅವರ ಕಿವಿಯ ಹತ್ತಿರ ಹೇಳಿದರು. ಹೇಳುತ್ತ ಹೇಳುತ್ತ ನಗು ಬಂದು, ಅವರು ಕೊಕ್ಕೆಯ ಹಂಗಿಲ್ಲದೆ ಇಳಿದುಹೋದರು.

ನಂಜರಾಜಯ್ಯನವರು ಒಂದು ತಾಸಿನ ಮೇಲೆ ಇಳಿದರು. ನಾನು ಇಳಿಯಲಿಲ್ಲ. ಇಳಿಯಲು ಆಗಲಿಲ್ಲ. ಒಂದು ಸಿಟ್ಟು ತಣ್ಣಗಾಗುವಷ್ಟರಲ್ಲಿ ಇನ್ನೊಂದು ನೆನಪಾಗುತ್ತಿತ್ತು. ಕೂಡಿಟ್ಟಿದ್ದು ಕಡಿಮೆಯೇ? ಕೆಂಪಮ್ಮ ಬುತ್ತಿ ತಂದು ಕೆಳಗೆ ನಿಂತಳು. ನಾನು ದೋಟಿ ಇಳಿಸಿದೆ, ಅವಳು ಕೊಕ್ಕೆಗೆ ಬುತ್ತಿಯ ಗಂಟು ಸಿಕ್ಕಿಸಿದಳು. "ಸಾರಿಗೆ ಖಾರ ಜಾಸ್ತಿ ಹಾಕಿದ್ದೀನಿ" ಎಂದಳು. ಮದುವೆಯಾದಾಗಿನಿಂದ ಅವಳು ನನ್ನನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ನನಗೆ ನೆನಪಿಲ್ಲ. ಬೀದಿಯಲ್ಲಿ ಸಿಕ್ಕಿದವರಿಗೆಲ್ಲ, "ನಮ್ಮೆಜಮಾನ್ರು ಇನ್ನೂ ಮೇಲೇ ಇದ್ದಾರೆ" ಎಂದು ಹೇಳಿಕೊಂಡು ಓಡಾಡಿದಳಂತೆ.

ಎರಡನೆಯ ದಿನವೂ ಸದನ ಸೇರಿತು. ಮತ ಹಾಕುವ ಹಾಗಿಲ್ಲದ ಕಾರಣ ಯಾರನ್ನೂ ಕೆರಳಿಸಿ ಪ್ರಯೋಜನವಿರಲಿಲ್ಲ. ಸದಸ್ಯರು ಬೇರೆ ದಾರಿ ಕಾಣದೆ ಬೀದಿ ದೀಪದ ವಿಷಯ ಬೀದಿ ದೀಪದ ವಿಷಯವಾಗಿಯೇ ಮಾತಾಡಿದರು. ಮೂರನೆಯ ದಿನ ಬೆಳಿಗ್ಗೆ ಗೋಡೆಯಾಚೆಯಿಂದ "ಅವ್ವಾ!" ಎಂಬ ಕೂಗು ಬಂತು. ಆ ದನಿ ನನಗೆ ಗೊತ್ತಿತ್ತು. ಕೆಳಗೆ ಕೂತವರಿಗೂ ಗೊತ್ತಾಯಿತು. ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಸಣ್ಣತಾಯಮ್ಮನ ಬೆಂಚು ಖಾಲಿಯಿತ್ತು. ಹನ್ನೆರಡು ಜನ ಗೋಡೆಯ ಕಡೆ ಮುಖ ಮಾಡಿ ಕೂತರು. ನಂಜರಾಜಯ್ಯನವರು ಕೈ ಕಟ್ಟಿಕೊಂಡು ಕಣ್ಣು ಮುಚ್ಚಿದ್ದರು. ಎರಡು ತಾಸು ಯಾರೂ ಕೆಮ್ಮಲಿಲ್ಲ. ನೂರಹನ್ನೆರಡು ನಿಯಮ ಬರೆದೂ ಸಿಗದಿದ್ದ ಶಿಸ್ತು ಅದು.

ಆಮೇಲೆ ಸಣ್ಣದೊಂದು ಅಳು ಕೇಳಿತು. ಮೊದಲು ಗೊಗ್ಗರಾಗಿ, ಆಮೇಲೆ ಕೋಳಿ ಕೂಗಿದ ಹಾಗೆ ಗಟ್ಟಿಯಾಗಿ. ನನ್ನ ಬೆನ್ನು ಹಾಸಿಗೆಯಿಂದ ಬಿಟ್ಟುಕೊಂಡಿತು. ನಾನು ಇಳಿಯುತ್ತಿದ್ದೆ, ಅಳುತ್ತಿದ್ದೆ. ಸಣ್ಣತಾಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು. "ಹೆಣ್ಣು ಕಣಣ್ಣ. ಏನ್ ಗಂಟಲು ಅಂತೀಯ! ದೇವೀರಿ ಚೆನ್ನಾಗವ್ಳೆ." ಬರಿಗಾಲಿಗೆ ನೆಲ ತಣ್ಣಗೆ ತಾಗಿತು.

ಮಗಳನ್ನೂ ಕೂಸನ್ನೂ ನೋಡಿಕೊಂಡು ಮಧ್ಯಾಹ್ನ ಕೆಲಸಕ್ಕೆ ಬಂದೆ. ತೆಗೆದುಹಾಕಿದರೆ ಹಾಕಲಿ ಎಂದುಕೊಂಡೇ ಬಂದೆ. ಯಾರೂ ಆ ಮಾತೆತ್ತಲಿಲ್ಲ. ನಂಜರಾಜಯ್ಯನವರು ಬಿಗಿಯಾಗಿ ಕಚ್ಚೆ ಹಾಕಿ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ಬೀದಿ ದೀಪದ ನಿರ್ಣಯ ಮತಕ್ಕೆ ಬಂತು. ಭೀಮಸೇನಾಚಾರ್ ಮೇಷ್ಟ್ರು ಗಂಟೆ ಬಾರಿಸಿದರು. ಎಂದಿನ ಮಾತಿಗೆ ಬಾಯಿ ತೆರೆದವರು ನಿಂತರು. ಪುಸ್ತಕವನ್ನು ಒಮ್ಮೆ ನೋಡಿದರು. ಬದುಕಿನಲ್ಲಿ ಮೊದಲ ಸಲ ಅದನ್ನು ಮುಚ್ಚಿ ಪಕ್ಕಕ್ಕೆ ಸರಿಸಿದರು.

"ಮುದ್ದೀರಯ್ಯನವರು ನೆಲದಲ್ಲಿದ್ದಾರೆಯೇ?"

ಸದನವೆಲ್ಲ ನನ್ನತ್ತ ತಿರುಗಿತು. ನಂಜರಾಜಯ್ಯನವರ ಕೈ ಸೊಂಟದ ಪಟ್ಟಿಯನ್ನು ಮುಟ್ಟಿ ನೋಡಿಕೊಂಡಿತು. ನಾನು ದೋಟಿಯ ಬುಡವನ್ನು ನಿಧಾನವಾಗಿ ಮೂರು ಸಲ ನೆಲಕ್ಕೆ ಕುಟ್ಟಿದೆ.

"ಸದ್ಯಕ್ಕೆ ಇದ್ದೀನಿ, ಸ್ವಾಮಿ" ಎಂದೆ.